ಗೆಟರ್-ಸೆಟರ್ ಬರೆದರೆ ಎನ್‌ಕ್ಯಾಪ್ಸುಲೇಶನ್ ಆಗುವುದಿಲ್ಲ

ಹಿಂಜವಡಿಯ ಕಂಪನಿಗಳ ಸಂದರ್ಶನಕ್ಕೆಂದು ಬೆಳಗಾವಿ, ವಿಜಯಪುರದ ಕಡೆಯಿಂದ ಪುಣೆಗೆ ಬರುವ ನಮ್ಮ ಹುಡುಗ ಹುಡುಗಿಯರನ್ನು ಪ್ರೋಗ್ರಾಮಿಂಗ್‌ನಲ್ಲಿ ಎನ್‌ಕ್ಯಾಪ್ಸುಲೇಶನ್ ಎಂದರೇನು ಎಂದು ಕೇಳಿ ನೋಡಿ. ‘ಫೀಲ್ಡ್‌ಗಳನ್ನೆಲ್ಲ ಪ್ರೈವೇಟ್ ಮಾಡಿ, ಪ್ರತಿಯೊಂದಕ್ಕೂ ಗೆಟರ್, ಸೆಟರ್ ಬರೆಯುವುದು’ ಎನ್ನುತ್ತಾರೆ. ಫೀಲ್ಡ್ ಎಂದರೆ ವಸ್ತುವಿನೊಳಗಿನ ಒಂದು ಮಾಹಿತಿ; ಪ್ರೈವೇಟ್ ಎಂದರೆ ಹೊರಗಿನ ಕೋಡ್ ಅದನ್ನು ನೇರವಾಗಿ ಮುಟ್ಟಲಾಗದು. ಅದನ್ನು ಓದಿಕೊಡುವ ಮೆಥಡ್ (ಹೆಸರಿಟ್ಟು ಕರೆಯುವ ಕೋಡಿನ ತುಂಡು) ಗೆಟರ್, ಬದಲಿಸುವುದು ಸೆಟರ್. ಬಾಯಿಪಾಠದ ನೋಟ್ಸ್‌ನಲ್ಲಿ ಹಾಗೆಯೇ ಇರುತ್ತದೆ. ಅದು ತಪ್ಪು, ಅರ್ಧ ಸರಿ ಎಂದೂ ನಾನು ಒಪ್ಪಲಾರೆ.

ಮೆಟ್ರೊ ಕಾರ್ಡಿಗೊಂದು ಕ್ಲಾಸ್, ಅಂದರೆ ಅಂಥ ವಸ್ತುಗಳ ಅಚ್ಚು, ಬರೆದಿದ್ದೀರಿ ಎನ್ನಿ. ಬ್ಯಾಲೆನ್ಸ್ ಎಂಬ ಫೀಲ್ಡ್ ಪ್ರೈವೇಟ್. ಅದರ ಪಕ್ಕದಲ್ಲೇ ಸೆಟ್‌ಬ್ಯಾಲೆನ್ಸ್ ಎಂಬ, ಹೊರಗಿನವರೂ ಕರೆಯಬಹುದಾದ ಪಬ್ಲಿಕ್ ಮೆಥಡ್. ಮೈನಸ್ 500 ಕೊಟ್ಟರೂ ಮರುಮಾತಿಲ್ಲದೆ ತುಂಬಿಕೊಳ್ಳುತ್ತದೆ. ಹಾಗಿದ್ದರೆ ಬಚ್ಚಿಟ್ಟದ್ದಾದರೂ ಏನು? ಬ್ಯಾಲೆನ್ಸ್ ಸೊನ್ನೆಗಿಂತ ಕೆಳಗಿಳಿಯಬಾರದು ಎಂಬ ನಿಯಮವನ್ನು ಕಾರ್ಡ್ ಬಳಸುವ ಪ್ರತಿಯೊಂದು ಕಡೆಯೂ ಬರೆಯಬೇಕಾಗುತ್ತದೆ. ಒಬ್ಬರು ಮರೆತರೆ ಲೆಕ್ಕ ಕೆಟ್ಟಿತು. ಆ ಸೆಟರ್ ಅಳಿಸಿ, ರೀಚಾರ್ಜ್ ಮತ್ತು ಪ್ರಯಾಣದರ ಕಡಿತ ಎಂಬ ಎರಡು ಮೆಥಡ್‌ಗಳನ್ನಿಡಿ. ನಿಯಮ ಅವುಗಳೊಳಗೇ ಇರುತ್ತದೆ, ಹೊರಗಿನವರು ಮುರಿಯಲು ದಾರಿಯಿರುವುದಿಲ್ಲ. ದತ್ತಾಂಶವೂ ಅದನ್ನು ಕಾಯುವ ನಿಯಮವೂ ಒಂದೇ ಕಡೆ ಕೂಡಿರುವುದೇ ಎನ್‌ಕ್ಯಾಪ್ಸುಲೇಶನ್. ‘ಪರಿಶೀಲನೆಯನ್ನು ಸೆಟರ್‌ಗೆ ನಾಳೆ ಸೇರಿಸಿದರಾಯಿತು’ ಎನ್ನುವವರಿದ್ದಾರೆ. ಆ ನಾಳೆ ಬರುವಷ್ಟರಲ್ಲಿ ಹತ್ತಾರು ಕಡೆಯ ಕೋಡ್ ಪರಿಶೀಲನೆಯಿಲ್ಲದ ಸೆಟರ್ ಅನ್ನೇ ನೆಚ್ಚಿಕೊಂಡಿರುತ್ತದೆ.

1972ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಸ್ ಬರೆದ ಪ್ರಬಂಧವೊಂದು ಇದರ ಬೇರು. ಮುಂದೆ ಬದಲಾಗಬಹುದಾದ ವಿನ್ಯಾಸದ ನಿರ್ಧಾರಗಳನ್ನು ಗುರುತಿಸಿ, ಒಂದೊಂದನ್ನು ಪ್ರೋಗ್ರಾಮಿನ ಒಂದೊಂದು ಭಾಗದೊಳಗೆ, ಅಂದರೆ ಮಾಡ್ಯೂಲ್‌ನೊಳಗೆ, ಅಡಗಿಸಿಡಬೇಕು ಎಂದರು ಅವರು. ಗೆಟರ್-ಸೆಟರ್ ಜೋಡಿಯ ಸುದ್ದಿಯೇ ಅಲ್ಲಿಲ್ಲ. ಅದು ಇಷ್ಟು ಹಬ್ಬಲು ದೊಡ್ಡ ಕಾರಣ ಜಾವಾ ಭಾಷೆಯನ್ನು ರೂಪಿಸಿದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಜಾವಾಬೀನ್ಸ್, ಅಂದರೆ ಮರುಬಳಸಬಹುದಾದ ಸಾಫ್ಟ್‌ವೇರ್ ಘಟಕಗಳ ಮಾದರಿ. 1997ರ ಅದರ ನಿಯಮಾವಳಿಯಲ್ಲಿ ಮೆಥಡ್‌ನ ಹೆಸರು ಗೆಟ್ ಅಥವಾ ಸೆಟ್ ಎಂದು ಶುರುವಾದರೆ, ವಿನ್ಯಾಸದ ಉಪಕರಣಗಳು ವಸ್ತುವಿನ ಗುಣಗಳನ್ನು ತಾವೇ ಪತ್ತೆಹಚ್ಚುತ್ತವೆ. ಉಪಕರಣಗಳ ಅನುಕೂಲಕ್ಕಾಗಿ ಮಾಡಿದ ಹೆಸರಿನ ಪದ್ಧತಿಯನ್ನು ಸಿದ್ಧಾಂತವೆಂದು ಕಲಿಸುತ್ತಿದ್ದೇವಲ್ಲ, ಬೇಸರ ಅದಕ್ಕೇ.

ಗೆಟರ್‌ನಿಂದ ಹಾನಿ ಕಡಿಮೆ, ಆದರೆ ಇಲ್ಲವೆಂದಲ್ಲ. ಜಾವಾದಲ್ಲಿ ಕಾರ್ಡಿನ ಪ್ರಯಾಣಗಳ ಪಟ್ಟಿಯಾದ ಅರೇಲಿಸ್ಟ್ ಅನ್ನು ಗೆಟರ್ ಹಾಗೆಯೇ ಹಿಂದಿರುಗಿಸಿದರೆ, ಪಡೆದವರು ಅದರ ಮೇಲೆ ಪಟ್ಟಿಯನ್ನು ಬರಿದುಮಾಡುವ ಕ್ಲಿಯರ್ ಮೆಥಡ್ ಕರೆದ ಕ್ಷಣ ಕಾರ್ಡಿನೊಳಗಿನ ದಾಖಲೆಯೂ ಖಾಲಿಯಾಗುತ್ತದೆ. ಪ್ರೈವೇಟ್ ಎಂದು ಬರೆದದ್ದು ಅದನ್ನು ತಡೆಯುವುದಿಲ್ಲ. ಅಲ್ಲಿ ಲಿಸ್ಟ್‌ನ ನಕಲನ್ನು ಕೊಡಿ, ಇಲ್ಲವೇ ಬದಲಿಸಲಾಗದ ರೂಪದಲ್ಲಿ ಕೊಡಿ.