ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ

ಕಲಬುರಗಿ ಸುತ್ತಲಿನ ಹಳ್ಳಿಗಳಿಂದ ನಮ್ಮ ಸಂಗ್ರಹಾಲಯಕ್ಕೆ ಹಳೆಯ ನಾಣ್ಯ ತರುವವರು ಅದನ್ನು ಮೊದಲೇ ಹುಣಸೆಹಣ್ಣು ಹಚ್ಚಿ ಫಳಫಳ ಮಾಡಿರುತ್ತಾರೆ. ದೇವರ ತಂಬಿಗೆಯನ್ನು ತಿಕ್ಕುವ ಅದೇ ಭಕ್ತಿ, ನನಗೆ ಗೊತ್ತು. ಆದರೆ ತಾಮ್ರದ ಮೇಲಿನ ಹಸಿರು ಪದರದಲ್ಲೇ ಎಷ್ಟೋ ಸಲ ಅಕ್ಷರದ ಅಂಚು ಉಳಿದಿರುತ್ತದೆ. ಹುಳಿ ಅದನ್ನೂ ತಿಂದುಹಾಕುತ್ತದೆ.

ಬಂದವರು ಕೇಳುವುದು ಎರಡೇ: ಎಷ್ಟು ಹಳೆಯದು, ಎಷ್ಟು ಬೆಲೆ? ನಾನು ಕೇಳುವುದು ಒಂದೇ: ಎಲ್ಲಿ ಸಿಕ್ಕಿತು? 'ಹೊಲದಲ್ಲಿ' ಎನ್ನುತ್ತಾರೆ. ಹೊಲದ ಯಾವ ಮೂಲೆ? ಎಷ್ಟು ಆಳ? ಪಕ್ಕದಲ್ಲಿ ಮಡಕೆ ಚೂರು, ಬೂದಿ, ಇಟ್ಟಿಗೆ ಇದ್ದವೇ? ಉತ್ತರವಿಲ್ಲ. ಜಾಗ ತಿಳಿಯದ ನಾಣ್ಯ ಊರು ಮರೆತ ಮುದುಕನಂತೆ. ಅದರಿಂದ ಅಲ್ಪಸ್ವಲ್ಪ ಹೇಳಬಹುದು, ಖಚಿತವಾಗಿ ಹೇಳಲಾಗದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯನ್ನೇ ನೋಡಿ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯಲ್ಲಿ ಅಶೋಕನ ಶಾಸನಗಳಿರುವುದು ಕಂಡಿತು. ಅದು ಪೀಠವಾಗಿತ್ತು ಎಂಬುದೂ ಇತಿಹಾಸವೇ: ಓದಲು ಬಾರದ ಕಲ್ಲಿಗೂ ಜನ ಹೊಸ ಕೆಲಸ ಕೊಟ್ಟಿದ್ದರು. ಯಾರಾದರೂ ಅದನ್ನು ಸದ್ದಿಲ್ಲದೆ ಹೊತ್ತು ಪೇಟೆಯಲ್ಲಿ ಮಾರಿದ್ದರೆ ಆ ಕಥೆ ನಮಗೆ ದಕ್ಕುತ್ತಿರಲಿಲ್ಲ.

ಒಮ್ಮೆ ಶಾಲಾಮಕ್ಕಳನ್ನು ಸನ್ನತಿಯ ಪಕ್ಕದ ಕನಗನಹಳ್ಳಿಗೆ ಕರೆದೊಯ್ದಿದ್ದೆ. 'ರಾಯೊ ಅಸೋಕೊ' (ರಾಜ ಅಶೋಕ) ಎಂದು ಪ್ರಾಚೀನ ಬ್ರಾಹ್ಮಿ ಲಿಪಿಯಲ್ಲಿ ಬರೆದ, ಅಶೋಕನ ಶಿಲ್ಪ ಸಿಕ್ಕ ಸ್ಥಳವದು. ಬಂದ ಕೂಡಲೇ ಶಿಕ್ಷಕರು ಫಲಕದ ಇಸವಿಗಳನ್ನು ಬರೆದುಕೊಳ್ಳಿ ಎಂದರು. ನಲವತ್ತು ತಲೆಗಳೂ ನೋಟ್‌ಬುಕ್ಕಿನೊಳಗೆ ಬಗ್ಗಿದವು. ನನಗೆ ಸಿಟ್ಟೇ ಬಂತು. ಶಹಾಬಾದ್ ಕಡೆಯ ಹುಡುಗಿಯೊಬ್ಬಳು ಮಾತ್ರ ಕಲ್ಲನ್ನೇ ನೋಡುತ್ತಿದ್ದಳು. "ಸರ್, ಇದು ನಮ್ಮ ಮನೆಯ ಫರಸಿ ಕಲ್ಲಿನ ಹಾಗಿದೆಯಲ್ಲ?" ಈ ಸೀಮೆಯ ಸುಣ್ಣದ ಕಲ್ಲೇ ಅದು! ಎಲ್ಲಿಂದ ತಂದರು, ಹೇಗೆ ಕಡಿದರು ಎಂದು ಉಳಿದವರೂ ಕೇಳತೊಡಗಿದರು. ನೋಟ್‌ಬುಕ್ ಮುಚ್ಚಿಸಿ ಒಂದು ತಾಸು ಮಾತಾಡಿದೆವು. ಸಂಗ್ರಹಾಲಯದಲ್ಲಾಗಲಿ ಇಂಥ ಜಾಗದಲ್ಲಾಗಲಿ ಕಲಿಯುವುದೆಂದರೆ ನನ್ನ ಪಾಲಿಗೆ ಆ ಒಂದು ತಾಸು.

ನೆಲದಲ್ಲಿ ನಿಧಿ ಸಿಕ್ಕರೆ ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು; ಸಿಕ್ಕವರ ಹಕ್ಕಿನ ಮಾತೂ ಅದರಲ್ಲಿದೆ, ವಿವರವನ್ನು ವಕೀಲರಲ್ಲೇ ಕೇಳಿ. ಅಷ್ಟರೊಳಗೆ ತೊಳೆಯಬೇಡಿ, ಕೀಳಬೇಡಿ. ಮೊಬೈಲಿನಲ್ಲಿ ಚಿತ್ರ ತೆಗೆದು, ಸಿಕ್ಕ ಜಾಗದಲ್ಲಿ ಒಂದು ಗೂಟ ನೆಟ್ಟು ಬನ್ನಿ. ಆ ಗೂಟ ನೋಡಲು ನಾನೇ ಹೊಲಕ್ಕೆ ಬರುತ್ತೇನೆ.