ಸಾವಿರ ಅಕ್ಷರಕ್ಕೆ ಎರಡು ಫೆನ್: ಚೀನಾದ ಮಾಂತ್ರಿಕ ಕಾದಂಬರಿ ಇಷ್ಟುದ್ದ ಬೆಳೆದದ್ದು ಹೇಗೆ?

ಚೀನಾದ ಮಾಂತ್ರಿಕ ಕಥೆಗಳ ಸುದ್ದಿ ಒಂದು ದಿನ ಅನಿಮೇಷನ್ ಚಿತ್ರದ ಗಳಿಕೆಯಾಗಿ ಬರುತ್ತದೆ, ಇನ್ನೊಂದು ದಿನ ಲೇಖಕರ ಒಪ್ಪಂದದ ಜಗಳವಾಗಿ. ಎರಡು ಸಾವಿರಕ್ಕೂ ಹೆಚ್ಚು ಅಧ್ಯಾಯಗಳ ಕಾದಂಬರಿಯನ್ನು ಯಾರಾದರೂ ಏಕೆ ಬರೆಯುತ್ತಾರೆ ಎಂದು ಕೇಳಿಕೊಂಡರೆ ಗೋಜಲು ಅರ್ಧ ಬಿಡುತ್ತದೆ.

ಬೇರು ಹಳೆಯದು. ಸಾವಿಲ್ಲದಂತೆ ಮಾಡುವ ಗುಳಿಗೆಗಾಗಿ ಚೀನಾದ ಪ್ರಾಚೀನ ಧರ್ಮವಾದ ದಾವ್ ಪಂಥದ ಸಾಧಕರು ಪಾದರಸದ ಅದಿರು ಕಾಯಿಸುತ್ತಿದ್ದರು. ನಾಲ್ಕನೇ ಶತಮಾನದ ಗೆ ಹೊಂಗ್ ಎಂಬ ವಿದ್ವಾಂಸ ಆ ವಿಧಾನಗಳನ್ನು ಬರೆದಿಟ್ಟ. ನಮ್ಮ ರಸಸಿದ್ಧರಿಗೆ ಈ ಮಾತು ಹೊಸದೆನಿಸುತ್ತಿರಲಿಲ್ಲ. ಮುಂದೆ ಗುಳಿಗೆ ಒಲೆಯಿಂದ ದೇಹದೊಳಕ್ಕೆ ಬಂದು, ಉಸಿರಿನಿಂದಲೇ ಅದನ್ನು ಪಕ್ವಮಾಡುವ ಯೋಗವಾಯಿತು. 16ನೇ ಶತಮಾನದ ಚೀನೀ ಕಾದಂಬರಿ ‘ಪಶ್ಚಿಮ ಯಾತ್ರೆ’ಯ ವಾನರವೀರನ ಕಥೆಗೂ ಇದೇ ನೆಲ. (ಪುಲಿಕೇಶಿಯ ಪಾಠದಲ್ಲಿ ನಾವು ಓದಿದ ಹ್ಯುಯೆನ್ ತ್ಸಾಂಗನೇ ಆ ವಾನರನ ಗುರು.) 1932ರಲ್ಲಿ ತಿಯಾಂಜಿನ್‌ನ ಪತ್ರಿಕೆಯೊಂದು ಹಾರುವ ಖಡ್ಗಗಳ ಸಿದ್ಧರ ಧಾರಾವಾಹಿ ಆರಂಭಿಸಿತು. 1949ರ ನಂತರ ಚೀನಾದಲ್ಲಿ ಇಂಥ ಕಥೆಗಳಿಗೆ ನೆಲೆ ತಪ್ಪಿತು; ಹಾಂಗ್‌ಕಾಂಗ್ ಮತ್ತು ತೈವಾನ್ ಪರಂಪರೆಯನ್ನು ಉಳಿಸಿಕೊಂಡವು; ಎಂಬತ್ತರ ದಶಕದಲ್ಲಿ ಅದು ಮನೆಗೆ ಮರಳಿತು.

ಅಸಲಿ ತಿರುವು 2003ರದು. ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಚಿದಿಯಾನ್ ಎಂಬ ಜಾಲತಾಣ ಓದಿಗೆ ದರ ಕಟ್ಟಿತು. ಮೊದಲ ಭಾಗ ಉಚಿತ, ಆಮೇಲೆ ಸಾವಿರ ಅಕ್ಷರಕ್ಕೆ ಎರಡು-ಮೂರು ಫೆನ್. ನೂರು ಫೆನ್ ಸೇರಿದರೆ ಒಂದು ಯುವಾನ್. ಓದುಗನ ಜೇಬಿಗೆ ಹೊರೆಯೇ ಅಲ್ಲ. ಆದರೆ ಅದರಲ್ಲೊಂದು ಪಾಲಿನಿಂದ ಹೊಟ್ಟೆ ಹೊರೆಯಬೇಕಾದ ಲೇಖಕ ದಿನವೂ ಸಾವಿರಗಟ್ಟಲೆ ಅಕ್ಷರ ಹಾಕಬೇಕು. ತಿಂಗಳಿಡೀ ತಪ್ಪದೆ ಹಾಕಿದರೆ ಹಾಜರಾತಿ ಭತ್ಯೆಯೂ ಉಂಟು. ಕಾದಂಬರಿಕಾರನಿಗೆ ಹಾಜರಾತಿ!

ಈ ಲೆಕ್ಕಾಚಾರ ಮಂತ್ರವಿದ್ಯೆಯ ಆಕಾರವನ್ನೇ ತಿದ್ದಿತು. ನಾಯಕ ಮೊದಲು ಪ್ರಾಣಶಕ್ತಿ ಕೂಡಿಸುತ್ತಾನೆ, ಅಡಿಪಾಯ ಹಾಕುತ್ತಾನೆ, ಬಂಗಾರದ ಗುಳಿಗೆ ಕಟ್ಟುತ್ತಾನೆ, ಆ ಗುಳಿಗೆಯಿಂದ ಆತ್ಮಶಿಶು ಹುಟ್ಟುತ್ತದೆ. ಪ್ರತಿ ಮೆಟ್ಟಿಲಿಗೂ ಆರಂಭ, ಮಧ್ಯ, ಅಂತ್ಯ ಎಂಬ ಒಳಮೆಟ್ಟಿಲುಗಳು. ಹೆಸರುಗಳೆಲ್ಲ ಹಳೆಯ ಯೋಗಗ್ರಂಥಗಳವು, ಮೆಟ್ಟಿಲುಗಳ ಸಂಖ್ಯೆ ಮಾತ್ರ ಮಾರುಕಟ್ಟೆಯದು. ನಾಯಕ ಈ ಲೋಕದಲ್ಲಿ ಎಲ್ಲರನ್ನೂ ಗೆದ್ದನೆನ್ನುವಷ್ಟರಲ್ಲಿ ಮೇಲೊಂದು ಲೋಕ ತೆರೆದು, ಅಲ್ಲಿ ಅವನು ಮತ್ತೆ ಅಂಬೆಗಾಲಿಡುತ್ತಾನೆ. ಕಾಳಗದಲ್ಲಿ ಖಡ್ಗ ಮೇಲೆದ್ದರೆ ಕೂಡಲೇ ಇಳಿಯುವುದಿಲ್ಲ: ಸುತ್ತಲಿನ ಶಿಷ್ಯರು ಉಸಿರು ಬಿಗಿಹಿಡಿಯಬೇಕು, ಹಿರಿಯನೊಬ್ಬನ ಹುಬ್ಬು ಏರಬೇಕು, ಎದುರಾಳಿ ತನ್ನ ವಂಶಾವಳಿ ಒಪ್ಪಿಸಬೇಕು. ಏಟು ಬೀಳುವುದು ನಾಳಿನ ಅಧ್ಯಾಯದಲ್ಲಿ. ನೀರು ಬೆರೆಸಿದ್ದಾರೆ ಎಂದು ಓದುಗರು ಬೈಯುತ್ತಾರೆ. ಬೈಯುತ್ತಲೇ ಮುಂದಿನ ಕಂತಿಗೆ ಕಾಯುತ್ತಾರೆ. ಈ ಏಣಿಗೆ ಅದರದೇ ಆದ ಸುಖವಿದೆ, ಅದನ್ನು ಅಲ್ಲಗಳೆಯುವುದು ಸುಳ್ಳಾದೀತು.

2014ರ ಕೊನೆಗೆ ಅಮೆರಿಕದ ಓದುಗನೊಬ್ಬ ಆರಂಭಿಸಿದ ಅನುವಾದ ತಾಣ ಈ ಚಟವನ್ನು ಇಂಗ್ಲಿಷಿಗೆ ದಾಟಿಸಿತು. 2017ರಲ್ಲಿ ಚಿದಿಯಾನ್‌ನ ಮಾತೃಸಂಸ್ಥೆ ಹಾಂಗ್‌ಕಾಂಗ್ ಷೇರುಪೇಟೆಗೆ ಕಾಲಿಟ್ಟಿತು. ಹೊತ್ತಿಗೆ ಸರಿಯಾಗಿ ಲೆಕ್ಕವೂ ಬದಲಾಗುತ್ತಿತ್ತು. ಜಾಹೀರಾತು ನೋಡಿದರೆ ಕಥೆ ಪುಕ್ಕಟೆ ಎನ್ನುವ ಆ್ಯಪ್‌ಗಳು ಬಂದವು, ಕಾದಂಬರಿಗಿಂತ ಅದರ ಟಿವಿ ಧಾರಾವಾಹಿ ಮತ್ತು ವಿಡಿಯೊ ಆಟದ ಹಕ್ಕುಗಳೇ ಬೆಲೆಬಾಳತೊಡಗಿದವು. ಅಕ್ಷರಕ್ಕೆ ಅಕ್ಷರ ಎಣಿಸಿ ಬರೆದವರಿಗೆ ಕೊನೆಯಲ್ಲಿ ಉಳಿಯುವುದೇನು? 2020ರ ವಸಂತದಲ್ಲಿ ಆ ಮಾತೃಸಂಸ್ಥೆಯ ಆಡಳಿತ ಬದಲಾದ ಬೆನ್ನಿಗೆ ಲೇಖಕರೊಂದಿಗಿನ ಒಪ್ಪಂದದ ಒಂದು ಪ್ರತಿ ಹರಿದಾಡಿತು. ಕೃತಿಯ ಹಕ್ಕುಗಳು ಕೈತಪ್ಪುತ್ತವೆ, ತಮ್ಮನ್ನು ಕೇಳದೆ ಉಚಿತ ಓದಿಗೆ ಬಿಡುತ್ತಾರೆ ಎಂಬ ಆತಂಕದಲ್ಲಿ ಅನೇಕ ಲೇಖಕರು ಮೇ 5ರಂದು ಹೊಸ ಅಧ್ಯಾಯ ಹಾಕದೆ ಮುಷ್ಕರ ಹೂಡಿದರು. ಒಪ್ಪಂದ ಹಳೆಯದು ಎಂದು ಸಂಸ್ಥೆ ಹೇಳಿತು. ಜೂನ್‌ನಲ್ಲಿ ಹೊಸ ಒಪ್ಪಂದ ಬಂತು, ಉಚಿತವೋ ಶುಲ್ಕವೋ ಎಂಬ ಆಯ್ಕೆ ಲೇಖಕರ ಕೈಗೆ ಬಂತು.

2024ರ ಜುಲೈನಲ್ಲಿ ಉಚಿತ ಓದಿನ ವೇದಿಕೆಯೊಂದರ ಲೇಖಕರು ಮತ್ತೆ ಸಿಡಿದೆದ್ದರು. ಈ ಸಲದ ತಕರಾರು ಕೃತಿಗಳನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸಲು ಅನುವು ಮಾಡುವ ಷರತ್ತಿನದು. ಬೇಡವೆಂದವರು ಅದನ್ನು ರದ್ದು ಮಾಡಿಕೊಳ್ಳಲು ವೇದಿಕೆ ದಾರಿ ಕೊಟ್ಟಿತು.