ಟ್ರಾನ್ಸ್ ಫ್ಯಾಟ್ ಮಿತಿ: ಖಾರಿಯೊಳಗಿನ ಶೇ. 2ರ ಲೆಕ್ಕ

ಬೆಳಗಾವಿಯಲ್ಲಿ ಚಹಾದ ಜೊತೆ ಖಾರಿ ಬಿಸ್ಕತ್ತು ಇದ್ದೇ ಇರುತ್ತದೆ. ಅದು ಪದರು ಪದರಾಗಿ ಏಳಬೇಕಾದರೆ ಹಿಟ್ಟಿನ ಮಡಿಕೆಗಳ ನಡುವೆ ಗಟ್ಟಿ ಕೊಬ್ಬು ಬೇಕು. ಎಣ್ಣೆ ಹಾಕಿದರೆ ಹಿಟ್ಟು ಹೀರಿಕೊಂಡುಬಿಡುತ್ತದೆ. ಬೆಣ್ಣೆ ಹಾಕಿದರೆ ಆ ರೇಟಿಗೆ ಯಾರು ತಗೋತಾರೆ? ಹಾಗಾಗಿ ಬೇಕರಿಗಳಿಗೆ ಒಗ್ಗಿದ್ದು ವನಸ್ಪತಿ, ನಮ್ಮ ಬಾಯಲ್ಲಿ ಡಾಲ್ಡಾ.

ಬಿಸಿ ಎಣ್ಣೆಯಲ್ಲಿ ನಿಕಲ್ ಇಟ್ಟು ಹೈಡ್ರೋಜನ್ ಹಾಯಿಸಿದರೆ ಎಣ್ಣೆ ಗಟ್ಟಿಯಾಗುತ್ತದೆ; ವನಸ್ಪತಿ ಮಾಡುತ್ತಿದ್ದದ್ದು ಹೀಗೆಯೇ. ಪೂರ್ತಿ ಹಾಯಿಸದೆ ಅರ್ಧಕ್ಕೇ ನಿಲ್ಲಿಸಿದಾಗ ಅದರಲ್ಲಿ ಉಳಿಯುವುದೇ ಟ್ರಾನ್ಸ್ ಫ್ಯಾಟ್. ಇದು ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ, ಒಳ್ಳೆಯದನ್ನು ಇಳಿಸುತ್ತದೆ. ಹೃದಯಕ್ಕೆ ಎರಡೂ ಕಡೆಯಿಂದ ಏಟು.

'ಟ್ರಾನ್ಸ್ ಫ್ಯಾಟ್ ಮಿತಿ' ಅಂದರೆ ಇದಕ್ಕೆ ಸರ್ಕಾರ ಹಾಕಿರುವ ಕಡಿವಾಣ. 2003ರಲ್ಲೇ ಡೆನ್ಮಾರ್ಕ್ ಶೇ. 2ರ ಮಿತಿ ತಂದಿತ್ತು. ನಮ್ಮಲ್ಲಿ ಎಣ್ಣೆ, ವನಸ್ಪತಿಗಳಿಗೆ ಶೇ. 5 ಇದ್ದದ್ದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2021ರಲ್ಲಿ ಶೇ. 3ಕ್ಕೆ, 2022ರ ಜನವರಿಯಿಂದ ಶೇ. 2ಕ್ಕೆ ಇಳಿಸಿತು. ಅದೇ ಜನವರಿಯಿಂದ ಬರೀ ಡಬ್ಬಿ ಎಣ್ಣೆಗಲ್ಲ, ಅದರಿಂದ ಮಾಡಿದ ತಿನಿಸಿಗೂ ಮಿತಿ ಅನ್ವಯ. ಈ ನೀತಿಯಲ್ಲಿ ನನಗೆ ಮೆಚ್ಚಿಗೆಯಾಗೋದು ಇದೇ: 'ಖಾರಿ ತಿನ್ನಬೇಡಿ' ಅಂತ ಜನರಿಗೆ ಬುದ್ಧಿ ಹೇಳುವುದಿಲ್ಲ, ಎಣ್ಣೆ ಕಾರ್ಖಾನೆಯ ಬಾಗಿಲಲ್ಲೇ ನಿಂತು ತಡೆಯುತ್ತದೆ.

ಒಂದು ಮಾತು ಗಮನಿಸಿ. ಶೇ. 2 ಅನ್ನುವುದು ತಿನಿಸಿನ ತೂಕದಲ್ಲಲ್ಲ, ಅದರಲ್ಲಿರುವ ಕೊಬ್ಬಿನಲ್ಲಿ. 100 ಗ್ರಾಂ ಖಾರಿಯಲ್ಲಿ 30 ಗ್ರಾಂ ಕೊಬ್ಬಿದೆ ಅನ್ನೋಣ. ಆಗ 0.6 ಗ್ರಾಂವರೆಗೆ ಟ್ರಾನ್ಸ್ ಫ್ಯಾಟ್ ಇದ್ದರೂ ಕಾನೂನಿಗೆ ತಕರಾರಿಲ್ಲ. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗಡಿ ಸುಮಾರು 2.2 ಗ್ರಾಂ.

ಹಾಗಾದರೆ ಹಾಲಿನಿಂದ ಮಾಡುವ ನಮ್ಮ ಕುಂದಾ? ಆಕಳು, ಎಮ್ಮೆಯ ಹಾಲಲ್ಲೂ ಸ್ವಲ್ಪ ಟ್ರಾನ್ಸ್ ಫ್ಯಾಟ್ ತಾನಾಗಿಯೇ ಇರುತ್ತದೆ. ಈ ಮಿತಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕಾರ್ಖಾನೆಯದ್ದನ್ನು ಮಾತ್ರ ಹಿಡಿಯುತ್ತದೆ. ಗೋಕಾಕದ ಕರದಂಟನ್ನು ತುಪ್ಪದಲ್ಲಿ ಮಾಡಿದರೆ ಪಾರು. ತುಪ್ಪದ ಜಾಗಕ್ಕೆ ಡಾಲ್ಡಾ ಬಂತೋ, ಲೆಕ್ಕ ಶುರು!

ಪ್ಯಾಕೆಟ್ ಮೇಲೆ 'ಟ್ರಾನ್ಸ್ ಫ್ಯಾಟ್ 0' ಅಂತ ಇದ್ದರೆ ಸುಮ್ನೆ ಬಾಯಿಗೆ ಹಾಕಿಕೊಳ್ಳಬೇಡಿ. ಅದರ ಪಕ್ಕದಲ್ಲೇ ಇರುವ 'ಸ್ಯಾಚುರೇಟೆಡ್ ಫ್ಯಾಟ್' ಸಾಲನ್ನೂ ಓದಿ. ಕೊಬ್ಬು ಗಟ್ಟಿಯಾಗಿಯೇ ಇರಬೇಕಲ್ವಾ? ಅದಕ್ಕೆ ಬಹಳ ಕಡೆ ತಾಳೆ ಎಣ್ಣೆ ಬಳಸುತ್ತಾರೆ. ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬೇ ಹೆಚ್ಚುಕಡಿಮೆ ಅರ್ಧ, ಅದೂ ಜಾಸ್ತಿಯಾದರೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ಇನ್ನು ಗಾಜಿನ ಡಬ್ಬಿಯಿಂದ ತೆಗೆದು ತೂಗಿ ಕೊಡುವ ಖಾರಿಯ ಮೇಲೆ ಓದಲು ಲೇಬಲ್ಲೇ ಇಲ್ಲ. ಯಾವ ಕೊಬ್ಬು ಹಾಕ್ತೀರಿ ಅಂತ ಬೇಕರಿಯವರನ್ನೇ ಕೇಳಬೇಕು.